ಅಮರರ ಜೀವನಚರಿತ್ರೆಗಳು: ಪ್ರಾಚೀನ ಚೀನಾದ ಎರಡು ಸಂಕಲನಗಳು

ಸಾವನ್ನು ಗೆದ್ದ ಮನುಷ್ಯರು ನಿಜವಾಗಿ ಆಗಿಹೋಗಿದ್ದಾರೆ, ಅವರ ಹೆಸರು, ಊರು, ಕಸುಬು ಎಲ್ಲವೂ ಗೊತ್ತಿದೆ ಎಂದು ಸಾಧಿಸಲು ಹೊರಟ ಗ್ರಂಥಗಳು ಪ್ರಾಚೀನ ಚೀನಾದಲ್ಲಿ ರಚನೆಯಾದವು. ಅವುಗಳಲ್ಲಿ ‘ಲಿಯೆಷಿಯನ್ ಝುವಾನ್’ ಮತ್ತು ‘ಷೆನ್‌ಷಿಯನ್ ಝುವಾನ್’ ಎಂಬ ಎರಡು ಸಂಕಲನಗಳು ಮುಖ್ಯವಾದವು. ಯು.ಆರ್. ಅನಂತಮೂರ್ತಿಯವರ ‘ದಾವ್ ದ ಜಿಂಗ್’ ಅನುವಾದದಿಂದ ಕನ್ನಡಿಗರಿಗೆ ಪರಿಚಿತನಾದ ಲಾವೋತ್ಸೆ ಈ ಎರಡರಲ್ಲೂ ಇದ್ದಾನೆ. ಆದರೆ ಇಲ್ಲಿ ಅವನು ದಾರ್ಶನಿಕನಷ್ಟೇ ಅಲ್ಲ, ಅಮರರಲ್ಲೊಬ್ಬ.

ಅಮರರು ಯಾರು?

ದಾವ್ ಪಂಥದ ಅಮರರು ಹುಟ್ಟಿನಿಂದ ದೇವತೆಗಳಲ್ಲ. ಬಹುಪಾಲು ಮಂದಿ ನಮ್ಮಂತೆಯೇ ಹುಟ್ಟಿ, ಸಾಧನೆಯಿಂದ ಆ ಸ್ಥಿತಿಗೆ ಏರಿದವರು. ಉಸಿರಿನ ನಿಯಂತ್ರಣ, ಧಾನ್ಯದ ಊಟ ಬಿಟ್ಟು ಪೈನ್ ಬೀಜ ಮತ್ತು ಬೇರುಗಳನ್ನು ತಿನ್ನುವುದು, ಇಂಗಳೀಕದಂಥ ಖನಿಜಗಳನ್ನು ಕಾಯಿಸಿ ದಿವ್ಯೌಷಧ ತಯಾರಿಸುವುದು ಅವರ ಮಾರ್ಗಗಳು. ಅವರಲ್ಲೂ ಮೂರು ದರ್ಜೆಗಳಿದ್ದವು. ದೇಹಸಮೇತ ಆಕಾಶಕ್ಕೆ ಏರುವವರು ಮೊದಲನೆಯವರು. ಪ್ರಸಿದ್ಧ ಬೆಟ್ಟಗಳಲ್ಲಿ ಅಲೆದಾಡಿಕೊಂಡು ಭೂಮಿಯಲ್ಲೇ ಉಳಿಯುವವರು ಎರಡನೆಯವರು. ಲೋಕದ ಕಣ್ಣಿಗೆ ಸತ್ತಂತೆ ತೋರಿ, ಶವಪೆಟ್ಟಿಗೆಯಿಂದ ಮಾಯವಾಗುವವರು ಮೂರನೆಯವರು.

ಲಿಯೆಷಿಯನ್ ಝುವಾನ್

ಸುಮಾರು 70 ಚುಟುಕು ಜೀವನಚಿತ್ರಗಳಿರುವ ಈ ಗ್ರಂಥದ ಕರ್ತೃ ಹಾನ್ ಅರಮನೆಯ ವಿದ್ವಾಂಸ ಲಿಯು ಷಿಯಾಂಗ್ ಎಂಬುದು ಸಂಪ್ರದಾಯದ ನಂಬಿಕೆ. ಅವನ ಕಾಲ ಕ್ರಿ.ಪೂ. 1ನೇ ಶತಮಾನ. ಆದರೆ ಹಾನ್ ರಾಜವಂಶದ ಅಧಿಕೃತ ಗ್ರಂಥಪಟ್ಟಿಯಲ್ಲಿ ಇದರ ಹೆಸರಿಲ್ಲ. ಹಾಗಾಗಿ ಇದು ಕ್ರಿ.ಶ. 2ನೇ ಶತಮಾನದ ಹೊತ್ತಿಗೆ ರೂಪುಗೊಂಡಿರಬೇಕೆಂದು ಅನೇಕ ವಿದ್ವಾಂಸರ ಅಭಿಪ್ರಾಯ.

ಮಳೆಯ ಒಡೆಯ ಚಿಸಾಂಗ್‌ಜಿಯಿಂದ ಗ್ರಂಥ ಆರಂಭವಾಗುತ್ತದೆ. ಕೊಕ್ಕರೆಯೇರಿ ಹೋದ ರಾಜಕುಮಾರ, ಚಿನ್ ಅರಮನೆಯಿಂದ ತಪ್ಪಿಸಿಕೊಂಡು ಪೈನ್ ಎಲೆ ತಿಂದು ಕಾಡಿನಲ್ಲಿ ಬದುಕಿದ, ಮೈತುಂಬ ರೋಮ ಬೆಳೆದ ಹೆಂಗಸು, ಇವರೂ ಇಲ್ಲಿದ್ದಾರೆ. ಆದರೆ ಗ್ರಂಥದ ನಿಜವಾದ ಸೊಗಸು ಇರುವುದು ದುಡಿಯುವ ಜನರ ಕಥೆಗಳಲ್ಲಿ. ಲೋಯಾಂಗ್ ಸೀಮೆಯ ಒಬ್ಬ ಮುದುಕ ನೂರಕ್ಕೂ ಹೆಚ್ಚು ವರ್ಷ ಕೋಳಿ ಸಾಕುತ್ತಾನೆ. ಸಾವಿರಕ್ಕೂ ಮೀರಿದ ಕೋಳಿಗಳು, ಪ್ರತಿಯೊಂದಕ್ಕೂ ಒಂದು ಹೆಸರು. ಹೆಸರು ಹಿಡಿದು ಕರೆದರೆ ಆ ಕೋಳಿಯೇ ಓಡಿ ಬರುತ್ತದೆ. ಕೋಳಿ, ಮೊಟ್ಟೆ ಮಾರಿ ಗಳಿಸಿದ ಅಪಾರ ಹಣವನ್ನು ಅಲ್ಲೇ ಬಿಟ್ಟು ಅವನು ಹೊರಟುಹೋಗುತ್ತಾನೆ.

ಇನ್ನೊಬ್ಬ ಕನ್ನಡಿ ಉಜ್ಜುವವನು. ಆಗಿನ ಕನ್ನಡಿಗಳು ಕಂಚಿನವು. ಮಾಸಿದಾಗ ತಿಕ್ಕಿ ಹೊಳಪು ಕೊಡಬೇಕಿತ್ತು. ವೂ ನಗರದ ಪೇಟೆಯಲ್ಲಿ ಒಂದು ಕಾಸಿಗೆ ಕನ್ನಡಿ ಉಜ್ಜುತ್ತ, ಮನೆಯಲ್ಲಿ ಯಾರಿಗಾದರೂ ಕಾಯಿಲೆಯೇ ಎಂದು ವಿಚಾರಿಸಿ ನೇರಳೆ ಬಣ್ಣದ ಗುಳಿಗೆ ಕೊಡುತ್ತಿದ್ದ. ದೊಡ್ಡ ಪಿಡುಗು ಬಂದಾಗ ಮನೆಮನೆಗೂ ಹೋಗಿ ಬಿಡಿಗಾಸೂ ಪಡೆಯದೆ ಔಷಧ ಹಂಚಿದ. ಅವನು ಹೋದ ಮೇಲೆ ಜನ ಹತ್ತಕ್ಕೂ ಹೆಚ್ಚು ಕಡೆ ಅವನಿಗೆ ಗುಡಿ ಕಟ್ಟಿದರು ಎಂದು ಕಥೆ ಮುಗಿಯುತ್ತದೆ. ಇಂಥ ಗುಡಿಗಳ ಉಲ್ಲೇಖ ಬಹಳ ಮುಖ್ಯ. ಊರ ಜನ ಯಾರನ್ನು ಪೂಜಿಸುತ್ತಿದ್ದರು, ಯಾಕೆ ಪೂಜಿಸುತ್ತಿದ್ದರು ಎಂಬುದಕ್ಕೆ ಇವು ಅಮೂಲ್ಯ ಸುಳಿವುಗಳು.

ಗೆ ಹಾಂಗ್ ಮತ್ತು ಷೆನ್‌ಷಿಯನ್ ಝುವಾನ್

ಎರಡನೆಯ ಸಂಕಲನದ ಕರ್ತೃ ಗೆ ಹಾಂಗ್ (283–343). ಇಂದಿನ ನಾನ್‌ಜಿಂಗ್ ಬಳಿಯ ಜುರೊಂಗ್‌ನವನು; ವೈದ್ಯ, ರಸವಾದಿ, ‘ಬಾವೋಪೂಜಿ’ ಎಂಬ ಪ್ರಸಿದ್ಧ ಗ್ರಂಥದ ಲೇಖಕ. ಚಳಿಜ್ವರಕ್ಕೆ ಒಂದು ಮೂಲಿಕೆಯ ರಸವನ್ನು ಸೂಚಿಸುವ ಅವನ ವೈದ್ಯಗ್ರಂಥವೇ, ಮಲೇರಿಯಾ ಔಷಧದ ಸಂಶೋಧನೆಗಾಗಿ 2015ರಲ್ಲಿ ನೊಬೆಲ್ ಪಡೆದ ತು ಯೂಯೂ ಅವರಿಗೆ ಸುಳಿವು ಕೊಟ್ಟಿತು.

ಅಮರರು ನಿಜವಾಗಿಯೂ ಇದ್ದಾರೆಯೇ ಎಂದು ಶಿಷ್ಯನೊಬ್ಬ ಕೇಳಿದ್ದಕ್ಕೆ ಉತ್ತರವಾಗಿ ಈ ಕೃತಿ ರಚಿಸಿದೆ ಎಂದು ಗೆ ಹಾಂಗ್ ಮುನ್ನುಡಿಯಲ್ಲಿ ಹೇಳುತ್ತಾನೆ. ಹಳೆಯ ಸಂಕಲನ ತೀರಾ ಸಂಕ್ಷಿಪ್ತ ಎಂಬುದು ಅವನ ಆಕ್ಷೇಪ. ಅವನ ಕಥೆಗಳಲ್ಲಿ ಮಾತುಕತೆಯಿದೆ, ಪರೀಕ್ಷೆಗಳಿವೆ, ತಿರುವುಗಳಿವೆ. ಇಂದು ಈ ಕೃತಿಯ 84 ಮತ್ತು 92 ಚರಿತ್ರೆಗಳ ಎರಡು ಪಾಠಗಳು ಸಿಗುತ್ತವೆ.

ಏಪ್ರಿಕಾಟ್ ತೋಪಿನ ವೈದ್ಯ

ಗೆ ಹಾಂಗ್‌ನ ಕಥನಕಲೆಗೆ ಡಾಂಗ್ ಫೆಂಗ್‌ನ ಚರಿತ್ರೆ ಒಳ್ಳೆಯ ನಿದರ್ಶನ. ಲು ಪರ್ವತದಲ್ಲಿದ್ದ ಈ ವೈದ್ಯ ಹಣ ಮುಟ್ಟುತ್ತಿರಲಿಲ್ಲ. ಕಠಿಣ ಕಾಯಿಲೆ ವಾಸಿಯಾದವರು ಐದು ಏಪ್ರಿಕಾಟ್ ಸಸಿ ನೆಡಬೇಕು, ಸಣ್ಣಪುಟ್ಟ ಕಾಯಿಲೆಯವರು ಒಂದು. ಕೆಲವೇ ವರ್ಷಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮರಗಳ ತೋಪೇ ಎದ್ದಿತು. ಹಣ್ಣು ಬೇಕಾದವರು ಯಾರನ್ನೂ ಕೇಳಬೇಕಿಲ್ಲ. ಒಂದು ಅಳತೆ ಧಾನ್ಯ ಸುರಿದು ಅಷ್ಟೇ ಅಳತೆಯ ಹಣ್ಣು ಒಯ್ಯಬಹುದು. ಕಡಿಮೆ ಧಾನ್ಯ ಸುರಿದು ಹೆಚ್ಚು ಹಣ್ಣು ತುಂಬಿಕೊಂಡವರನ್ನು ಹುಲಿಗಳು ಗರ್ಜಿಸುತ್ತ ಅಟ್ಟುತ್ತಿದ್ದವು. ಓಡುವಾಗ ಹಣ್ಣು ಚೆಲ್ಲಿ, ಮನೆಗೆ ಬಂದು ಅಳೆದರೆ ಕೊಟ್ಟ ಧಾನ್ಯಕ್ಕೆ ಸರಿಸಮ! ಕೂಡಿದ ಧಾನ್ಯವೆಲ್ಲ ಬಡವರಿಗೆ ಹೋಗುತ್ತಿತ್ತು. ಚೀನಾದಲ್ಲಿ ಇಂದಿಗೂ ವೈದ್ಯವೃತ್ತಿಯನ್ನು ‘ಏಪ್ರಿಕಾಟ್ ತೋಪು’ ಎನ್ನುವ ರೂಢಿಯಿದೆ.

ಚರಿತ್ರೆಯೊಡನೆ ಜಟಾಪಟಿ

ಈ ಕೃತಿಗಳ ಬರವಣಿಗೆಯ ಧಾಟಿ ಇತಿಹಾಸಕಾರರದು. ಸಿಮಾ ಚಿಯಾನ್ ತನ್ನ ‘ಷಿಜಿ’ಯಲ್ಲಿ ರೂಢಿಸಿದ ವ್ಯಕ್ತಿಚರಿತ್ರೆಯ ಮಾದರಿಯಲ್ಲೇ ಹೆಸರು, ಊರು, ಕಾಲದೊಂದಿಗೆ ಒಬ್ಬೊಬ್ಬರ ಪರಿಚಯ ಆರಂಭವಾಗುತ್ತದೆ. ಪವಾಡಕ್ಕೆ ದಾಖಲೆಯ ಬಲ ಬರುವುದು ಹೀಗೆ.

ಆದರೆ ಇತಿಹಾಸ ಎಲ್ಲ ಕಡೆ ಒಪ್ಪುವುದಿಲ್ಲ. ಹುವಾಯ್‌ನಾನ್ ಪ್ರಾಂತ್ಯದ ದೊರೆ ಲಿಯು ಆನ್ ದಂಗೆಯ ಆರೋಪಕ್ಕೆ ಸಿಕ್ಕಿ ಕ್ರಿ.ಪೂ. 122ರಲ್ಲಿ ಆತ್ಮಹತ್ಯೆ ಮಾಡಿಕೊಂಡ ಎನ್ನುತ್ತದೆ ರಾಜವಂಶದ ಇತಿಹಾಸ. ಗೆ ಹಾಂಗ್‌ನ ಪ್ರಕಾರ ಅವನು ದಿವ್ಯೌಷಧ ಸೇವಿಸಿ ಸ್ವರ್ಗಕ್ಕೇರಿದ. ಪಾತ್ರೆಯಲ್ಲಿ ಉಳಿದದ್ದನ್ನು ನೆಕ್ಕಿದ ನಾಯಿ, ಕೋಳಿಗಳೂ ಹಿಂದೆಯೇ ಹೋದವು. ಈ ದಂತಕಥೆ ಗೆ ಹಾಂಗ್‌ಗಿಂತ ಹಳೆಯದು. 1ನೇ ಶತಮಾನದ ವಿಚಾರವಾದಿ ವಾಂಗ್ ಚೊಂಗ್ ಅದನ್ನು ಆಗಲೇ ಅಲ್ಲಗಳೆದಿದ್ದ.

ಮುಂದುವರಿದ ಪರಂಪರೆ

978ರಲ್ಲಿ ಸಿದ್ಧವಾದ ‘ತಾಯ್‌ಪಿಂಗ್ ಗ್ವಾಂಗ್‌ಜಿ’ ಎಂಬ ಬೃಹತ್ ಕಥಾಕೋಶ ಅಮರರ ಕಥೆಗಳಿಂದಲೇ ಆರಂಭವಾಗುತ್ತದೆ. ಗೆ ಹಾಂಗ್‌ನ ಎಷ್ಟೋ ಭಾಗಗಳು ಅದರಲ್ಲಿ ಉಳಿದುಕೊಂಡವು. ಅದಕ್ಕೂ ಮೊದಲೇ ದು ಗ್ವಾಂಗ್‌ತಿಂಗ್ (850–933) ಮಹಿಳಾ ಅಮರರಿಗಾಗಿಯೇ ಪ್ರತ್ಯೇಕ ಸಂಕಲನ ರಚಿಸಿದ್ದ.

ವಾಂಗ್ ಚೊಂಗ್‌ನ ಸಂಶಯವನ್ನು ಒಪ್ಪುವ ಇಂದಿನ ಓದುಗರಿಗೂ ಈ ಚರಿತ್ರೆಗಳಿಂದ ಸಿಗುವುದು ಬಹಳಷ್ಟಿದೆ. ರಾಜವಂಶಗಳ ಇತಿಹಾಸ ಅರಸರು, ಮಂತ್ರಿಗಳು, ದಂಡನಾಯಕರ ಸುತ್ತ ಬೆಳೆಯಿತು. ಕೋಳಿ ಸಾಕುವವನೂ ಕನ್ನಡಿ ಉಜ್ಜುವವನೂ ಚರಿತ್ರೆಗೆ ಅರ್ಹರು ಎಂದು ಒಪ್ಪಿ ಅವರಿಗೂ ಒಂದೊಂದು ಅಧ್ಯಾಯ ಕೊಟ್ಟದ್ದು ಈ ಸಂಕಲನಗಳ ದೊಡ್ಡಸ್ತಿಕೆ.