ಎಲುಬಿನ ಪಂಚಾಂಗ, ಶಾಲೆಯ ಪಂಚಾಂಗ

ಮಾದಪ್ಪನ ಕಾವ್ಯವನ್ನು ಕೇಳಿದವರಿಗೆ ಕುಂತೂರು ಮಠದ ಹೆಸರು ಹೊಸದಲ್ಲ. ಕೊಳ್ಳೇಗಾಲ ಸೀಮೆಯ ಆ ಕುಂತೂರಿನಲ್ಲಿ ನನ್ನ ಬಾಲ್ಯಕಾಲದಲ್ಲಿ ಒಬ್ಬ ಹುಡುಗನಿದ್ದ. ಪೋಲಿಯೊ ತಗುಲಿ ಅವನ ಒಂದು ಕಾಲು ಬೆಳವಣಿಗೆಯಲ್ಲಿ ಹಿಂದುಳಿದಿತ್ತು. ತೊಡೆಯ ಮೇಲೆ ಕೈಯೂರಿ, ಹೆಜ್ಜೆಹೆಜ್ಜೆಗೂ ಬಾಗುತ್ತ ಶಾಲೆಗೆ ಬರುತ್ತಿದ್ದ. ಹೈಸ್ಕೂಲಿಗೆ ದೂರ ನಡೆಯಬೇಕಾಗಿ ಬಂದಾಗ ಓದನ್ನೇ ಬಿಟ್ಟ. ಗಿಡ್ಡವಾದ ಕಾಲನ್ನು ಉದ್ದ ಮಾಡಬಹುದೆಂಬುದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ.

ಈಚೆಗೆ ಅದೇ ಊರಿನ ರೈತರೊಬ್ಬರು ಮನೆಗೆ ಬಂದಿದ್ದರು. ಅವರ ಮಗಳು ಎಂಟನೆಯ ತರಗತಿ. ಚಿಕ್ಕಂದಿನಲ್ಲಿ ಬಿದ್ದು, ಎಲುಬು ಬೆಳೆಯುವ ಭಾಗಕ್ಕೇ ಏಟಾಗಿ, ಒಂದು ಕಾಲು ನಾಲ್ಕು ಸೆಂಟಿಮೀಟರಿನಷ್ಟು ಗಿಡ್ಡ. “ಆಪರೇಷನ್ ಮಾಡ್ಸಿ ಅಂದವ್ರೆ ಮೇಷ್ಟ್ರೆ. ಒಂದ್ ವರ್ಸದ ಓದು ಹಾಳಾಯ್ತದಲ್ಲ?” ಎಂದರು. ಈ ಪ್ರಶ್ನೆಗೆ ಉತ್ತರ ಹುಡುಕಲು ಇತಿಹಾಸದತ್ತ ಸ್ವಲ್ಪ ಹೊರಳಬೇಕು.

1905ರಲ್ಲಿ ಇಟಲಿಯ ವೈದ್ಯ ಅಲೆಸ್ಸಾಂಡ್ರೊ ಕೊದಿವಿಲ್ಲ ತೊಡೆಯೆಲುಬನ್ನು ಕತ್ತರಿಸಿ, ಹಿಮ್ಮಡಿಯ ಎಲುಬಿಗೆ ಮೊಳೆ ತೂರಿಸಿ, ಕಾಲನ್ನು ಬಲವಾಗಿ ಎಳೆದು ಉದ್ದ ಮಾಡಿದ ವಿಧಾನವನ್ನು ಪ್ರಕಟಿಸಿದನು. ಆದರೆ ಅವಸರದ ಎಳೆತವನ್ನು ನರವಾಗಲಿ ಸ್ನಾಯುವಾಗಲಿ ಸಹಿಸುವುದಿಲ್ಲ, ಅನೇಕರು ಕಷ್ಟಕ್ಕೀಡಾದರು. ಮುಂದೆ 1950ರ ದಶಕದಲ್ಲಿ, ಸೈಬೀರಿಯದ ಕುರ್ಗಾನ್ ಎಂಬ ಊರಿನಲ್ಲಿ, ಗವ್ರಿಲ್ ಇಲಿಜಾರೊವ್ ಎಂಬ ವೈದ್ಯರು ಬೇರೊಂದು ದಾರಿ ಹಿಡಿದರು. ಕಾಲಿನ ಸುತ್ತ ಲೋಹದ ಬಳೆಗಳು, ಎಲುಬಿನ ಮೂಲಕ ಹಾಯುವ ತೆಳುವಾದ ತಂತಿಗಳು. ಕತ್ತರಿಸಿದ ಎಲುಬನ್ನು ಕೆಲದಿನ ಹಾಗೆಯೇ ಬಿಟ್ಟು, ಅನಂತರ ದಿನಕ್ಕೆ ಒಂದೇ ಮಿಲಿಮೀಟರಿನಂತೆ ಸರಿಸಿದರೆ, ಆ ಬಿರುಕಿನಲ್ಲಿ ಹೊಸ ಎಲುಬು ತಾನಾಗಿ ಹುಟ್ಟುವುದೆಂದು ಅವರು ತೋರಿಸಿಕೊಟ್ಟರು. 1964ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು, ಮರುವರ್ಷವೇ ಅಪಘಾತದಲ್ಲಿ ಕಾಲು ಮುರಿದುಕೊಂಡಿದ್ದ ಎತ್ತರ ಜಿಗಿತಗಾರ ವಲೆರಿ ಬ್ರುಮೆಲ್‌ಗೆ ಅವರು ಚಿಕಿತ್ಸೆ ಮಾಡಿದ ಮೇಲೆ ಅವರ ಹೆಸರು ರಷ್ಯದಲ್ಲೆಲ್ಲ ಹರಡಿತು. 1981ರಲ್ಲಿ ಇಟಲಿಯಲ್ಲಿ ಅವರು ಮಾಡಿದ ಉಪನ್ಯಾಸದಿಂದ ಈ ವಿದ್ಯೆ ಪಶ್ಚಿಮಕ್ಕೂ ತಲುಪಿತು. ಇಂದು ನಮ್ಮ ನಾಡಿನ ದೊಡ್ಡ ಆಸ್ಪತ್ರೆಗಳಲ್ಲಿಯೂ ಇದುಂಟು.

ಇನ್ನು ಲೆಕ್ಕಕ್ಕೆ ಬರೋಣ. ನಾಲ್ಕು ಸೆಂಟಿಮೀಟರಿಗೆ ನಲವತ್ತು ದಿನಗಳ ಎಳೆತ. ಆ ಒಂದು ಮಿಲಿಮೀಟರನ್ನೂ ನಾಲ್ಕು ಪಾಲು ಮಾಡಿ, ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಮನೆಯವರೇ ತಿರುಪನ್ನು ತಿರುಗಿಸಬೇಕು. ನೋವಿರುವುದೂ, ಮಂಡಿ ಬಿಗಿಯದಂತೆ ವ್ಯಾಯಾಮ ಮಾಡಿಸಬೇಕಾದುದೂ, ಎಕ್ಸ್‌ರೇಗೆಂದು ಆಸ್ಪತ್ರೆಗೆ ಮತ್ತೆಮತ್ತೆ ಅಲೆಯಬೇಕಾದುದೂ ಈ ದಿನಗಳಲ್ಲಿಯೇ. ಎಳೆತ ಮುಗಿದ ಮೇಲೆ ಹೊಸ ಎಲುಬು ಗಟ್ಟಿಯಾಗಲು ಸುಮಾರು ಅದರ ಎರಡರಷ್ಟು ಕಾಲ ಬೇಕು. ಆಗ ಬಳೆಗಳು ಕಾಲಿನಲ್ಲಿಯೇ ಇರುತ್ತವೆ. ಆದರೆ ವೈದ್ಯರ ಅನುಮತಿಯಂತೆ ಊರುಗೋಲು ಹಿಡಿದು ಕಾಲೂರಿ ನಡೆಯಬಹುದು, ನಡೆಯಲೂ ಬೇಕು.

ಆದುದರಿಂದ ಬೇಸಗೆ ರಜೆಯಲ್ಲಿ ಎಲ್ಲವೂ ಮುಗಿಯುವುದೆಂದು ನಂಬುವುದು ತಪ್ಪು. ವರ್ಷವೇ ಹೋಯಿತೆಂದು ಹೆದರುವುದೂ ತಪ್ಪು. ವಾರ್ಷಿಕ ಪರೀಕ್ಷೆ ಮುಗಿದೊಡನೆ ಶಸ್ತ್ರಚಿಕಿತ್ಸೆಯಾದರೆ, ಎಳೆಯುವ ಕಾಲ ರಜೆಗೆ ಸಲ್ಲುತ್ತದೆ, ಗಟ್ಟಿಯಾಗುವ ಕಾಲ ಶಾಲೆಗೆ ಸಲ್ಲುತ್ತದೆ. ಎಲ್ಲವೂ ಸರಿಹೋದರೆ ದಸರೆಯ ಹೊತ್ತಿಗೆ ಬಳೆ ಕಳಚಬಹುದು. ತಂತಿಯ ಬುಡ ಕೀತರೆ, ಎಲುಬು ತಡಮಾಡಿದರೆ, ಇನ್ನೂ ಒಂದೆರಡು ತಿಂಗಳು ಹಿಡಿಯುತ್ತದೆ. ಹಾಜರಾತಿಯ ಕಟ್ಟುಪಾಡು ಬಿಗಿಯಾಗಿರುವ ಹತ್ತನೆಯ ತರಗತಿಯನ್ನು ಮಾತ್ರ ಇದರಿಂದ ದೂರವಿಡುವುದು ಲೇಸು.

ಇದನ್ನೆಲ್ಲ ಕೇಳಿದ ರೈತರು ಗೋಡೆಯ ಕ್ಯಾಲೆಂಡರಿನ ತಿಂಗಳುಗಳನ್ನು ಬೆರಳಿನಿಂದ ಎಣಿಸಿ, “ಇಸ್ಕೂಲ್ನೋರು ಒಪ್ಪಬೇಕಲ್ಲ” ಎಂದರು. ಅವರು ಹೇಳಿದ್ದು ದಿಟ. ಮಹಡಿ ಹತ್ತದಂತೆ ಕೆಳಗಿನ ಕೊಠಡಿ, ಕಾಲು ಚಾಚಲು ಇನ್ನೊಂದು ಬೆಂಚು, ತಪ್ಪಿದ ಪಾಠ ಬರೆದುಕೊಡಲು ಒಬ್ಬ ಗೆಳತಿ: ಇಷ್ಟನ್ನು ಒದಗಿಸುವುದು ನಮ್ಮ ಉಪಾಧ್ಯಾಯರಿಗೆ ಹೊರೆಯಾಗಲಾರದು. ಎಲುಬಿನ ಪಂಚಾಂಗವನ್ನು ತಿದ್ದಲು ನೂರು ವರ್ಷಗಳಿಂದ ಯಾರಿಗೂ ಆಗಲಿಲ್ಲ. ಶಾಲೆಯ ಪಂಚಾಂಗ ನಾವೇ ಬರೆದದ್ದಲ್ಲವೆ?