ಪಠ್ಯ ಆರಿಸುವ ಕೈ ಯಾರದು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಕೇರಿ ಹುಡುಗ ಡಿಗ್ರಿಗೆ ಸೇರಿದಾಗ ಕೈಗೆ ಬರುವ ಕನ್ನಡ ಪುಸ್ತಕವನ್ನು ಆರಿಸಿದವರು ಯಾರು? ಪಾಠ ಹೇಳುವ ಮೇಷ್ಟರಲ್ಲ. ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ. ಬಳ್ಳಾರಿ ಸೀಮೆಗೆ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂತು, 2010ರಲ್ಲಿ ಬಳ್ಳಾರಿಯಲ್ಲೇ ಒಂದಾಯ್ತು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯ್ತು, 2018ರಲ್ಲಿ ವಾಪಸು ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಗಡಿ ಬದಲಾಯ್ತು, ಮೇಲೆ ಕೇಳಿದ ಪ್ರಶ್ನೆ ಹಾಗೇ ಉಳೀತು.

ಈ ಪ್ರಶ್ನೆಗೆ ಇತಿಹಾಸ ಉಂಟು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಭೂಸಾ ಅಂದರು. ಬೆಂಕಿ ಹತ್ತಿತು. ದಲಿತ ವಿದ್ಯಾರ್ಥಿಗಳು ಏಟು ತಿಂದರು, ಬಸವಲಿಂಗಪ್ಪನವರು ಕುರ್ಚಿ ಬಿಟ್ಟರು. ಅವರು ಕೇಳಿದ್ದು ಇಷ್ಟೇ: ಈ ಪುಸ್ತಕಗಳಲ್ಲಿ ನಾವೆಲ್ಲಿದ್ದೀವಿ? ಅದೇ ವರ್ಷ ದೇವನೂರರ 'ದ್ಯಾವನೂರು', 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದವು. ಹಾಡು ಮೊದಲು ಮೆರವಣಿಗೆಯಲ್ಲಿ ಓಡಾಡಿತು, ಆಮೇಲೆ ತರಗತಿಗೆ ಹೋಯ್ತು. ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೊಡಿ ಅಂದರೆ ಒಪ್ಪಲಿಲ್ಲ. 1979ರಲ್ಲಿ ಬೆಂಗಳೂರಿನಲ್ಲಿ ಬಂಡಾಯದವರು ತಮ್ಮದೇ ಸಮ್ಮೇಳನ ಮಾಡಿದರು. ಬಾಗಿಲನ್ನು ಯಾರೂ ತೆರೆದು ಕೊಟ್ಟಿದ್ದಲ್ಲ, ತಳ್ಳಿ ತೆಗೆದದ್ದು.

ನಮ್ಮ ಸೀಮೆಯಲ್ಲಿ ಪಠ್ಯಕ್ಕೇನು ಬರವೇ? ಪಕ್ಕದ ಸಂಡೂರಿನ ದರೋಜಿ ಈರಮ್ಮ ಅಕ್ಷರ ಕಲಿತವರಲ್ಲ, ಅಲೆಮಾರಿ ಬುಡ್ಗಜಂಗಮರ ಹೆಣ್ಣುಮಗಳು. ರಾತ್ರಿಗಟ್ಟಲೆ ಹಾಡುವ ಬುರ್ರಕಥೆಗಳು ಆಕೆಯ ನಾಲಗೆ ಮೇಲಿದ್ದವು. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು.

ಆದರೆ ಒಂದು ಎಚ್ಚರ. ಜೋಗತಿಯ ಹಾಡನ್ನು ಪಠ್ಯಕ್ಕೆ ತಂದು, ಮುತ್ತು ಕಟ್ಟಿದವರು ಯಾರು, ಕಟ್ಟಿಸಿಕೊಂಡವರು ಯಾವ ಕೇರಿಯವರು ಅನ್ನೋದನ್ನ ಬಿಟ್ಟರೆ ಅದೂ ಭೂಸಾನೇ. ಹರಪನಹಳ್ಳಿಯ ಉಚ್ಚಂಗಿದುರ್ಗದ ಭರತ ಹುಣ್ಣಿಮೆ ಕಣ್ಣೆದುರಿಗಿದೆ. ದೇವದಾಸಿ ಬಿಡುವುದನ್ನು ನಿಷೇಧಿಸಿದ 1982ರ ಕಾಯ್ದೆಯನ್ನೂ ಆ ಹಾಡಿನ ಪಕ್ಕದಲ್ಲೇ ಇಟ್ಟು ಓದಿಸಬೇಕು. ಆಗ 'ಕಲೆ' ಅಂತ ಚಪ್ಪಾಳೆ ತಟ್ಟಿದ ಹುಡುಗನಿಗೆ ತನ್ನ ಓಣಿಯ ಅವ್ವ ನೆನಪಾಗ್ತಾಳೆ.

ಹಳ್ಳಿ ಮೇಷ್ಟರೇ, ಮಂಡಳಿ ಕರೆದು ಕೇಳಲಿ ಅಂತ ಕಾಯಬೇಡಿ. ಕೇರಿಗೆ ಹೋಗಿ, ಹಾಡಿದವರ ಹೆಸರು, ಊರು ಸಮೇತ ಬರೆದುಕೊಳ್ಳಿ. ಕಲ್ಲಚ್ಚು ಮಾಡಿಸಿ, ಜೆರಾಕ್ಸ್ ಮಾಡಿಸಿ, ಮಕ್ಕಳಿಗೆ ಹಂಚಿ. ಒಂದು ಪ್ರತಿ ಮಂಡಳಿಗೂ ಕಳಿಸಿ. ಆಮೇಲೆ ಸಾಮಗ್ರಿ ಇಲ್ಲ ಅನ್ನೋ ನೆಪ ಅವರಿಗೆ ಉಳಿಯೋದಿಲ್ಲ.