ಆರು ಟ್ಯಾಕಲ್, ಒಂದು ಒದೆತ

ಆಸ್ಟ್ರೇಲಿಯಾ ಕ್ಲೈಂಟಿನ ಪ್ರಾಜೆಕ್ಟಿನಲ್ಲಿದ್ದಾಗ ರಗ್ಬಿ ಲೀಗ್ ನೋಡೋ ಚಟ ಹತ್ತಿತು. ಒಂದು ಪ್ರಶ್ನೆ ಮಾತ್ರ ಬಿಡದೆ ಕಾಡ್ತಿತ್ತು: ಇಷ್ಟು ಒದ್ದಾಡಿ ಹಿಡ್ಕೊಂಡ ಚೆಂಡನ್ನು ತಾವೇ ಯಾಕೆ ಒದ್ದು ಬಿಟ್ಟುಕೊಡ್ತಾರೆ? ಉತ್ತರ ಹುಡುಕುತ್ತಾ ಹೋದವನು 1895ಕ್ಕೆ ಹೋಗಿ ನಿಂತೆ.

ಆ ವರ್ಷ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಸೇರಿ ರಗ್ಬಿ ಯೂನಿಯನ್‌ನಿಂದ ಬೇರೆಯಾದವು. ಜಗಳ ಕೂಲಿಯದ್ದು. ಆಟಗಾರರಲ್ಲಿ ಬಹಳಷ್ಟು ಜನ ಗಣಿ, ಗಿರಣಿಯವರು. ಆಡಲು ಹೋದರೆ ಆ ದಿನದ ಕೂಲಿ ಖೋತಾ. ಅದನ್ನು ತುಂಬಿಕೊಡಲು ಯೂನಿಯನ್ ಒಪ್ಪಲಿಲ್ಲ. ನಮ್ಮೂರ ಕಬಡ್ಡಿ ತಂಡದ ಒಳ್ಳೇ ರೈಡರ್ ಒಬ್ಬ ಕೊಯ್ಲಿನ ದಿನ ಮ್ಯಾಚ್ ಬಿಟ್ಟು ಗದ್ದೆಗೆ ಹೋಗ್ತಿದ್ದ. ನನಗೆ ಬೇರೆ ಉದಾಹರಣೆ ಬೇಕಿರಲಿಲ್ಲ.

ಕೂಲಿ ಕೊಡೋಕೆ ಟಿಕೆಟ್ ಮಾರಬೇಕು, ಟಿಕೆಟ್ ಮಾರೋಕೆ ಆಟ ಚುರುಕಾಗಿರಬೇಕು. ಅದಕ್ಕೇ ನಿಯಮ ತಿದ್ದೋದು ಶುರುವಾಯಿತು. 1906ರಲ್ಲಿ ತಂಡ 15ರಿಂದ 13ಕ್ಕೆ ಇಳಿಯಿತು. ಕೆಡವಿಸಿಕೊಂಡವನು ಎದ್ದು, ಚೆಂಡು ನೆಲಕ್ಕಿಟ್ಟು, ಕಾಲಿನಿಂದ ಆಟ ಮುಂದುವರಿಸುವ ಪದ್ಧತಿ ಬಂತು. ಅದರಲ್ಲೊಂದು ಬಗ್ ಇತ್ತು. ಎಷ್ಟು ಸಲ ಕೆಡವಿದರೂ ಚೆಂಡು ಹೆಚ್ಚಾಗಿ ಅವರ ಹತ್ತಿರಾನೇ ಉಳೀತಿತ್ತು. ಮತ್ತೆ ಒದೆಯೋದ್ಯಾಕೆ? ಹಿಡ್ಕೊಂಡು ಕೂತರಾಯ್ತು! 1966ರಲ್ಲಿ ನಾಲ್ಕು ಟ್ಯಾಕಲ್‌ಗಳ ಮಿತಿ ಬಂತು. 1970ರ ದಶಕದ ಆರಂಭದಲ್ಲಿ ಅದು ಆರಾಯಿತು. ಆರನೇ ಸಲ ಕೆಡವಿದರೆ ಚೆಂಡು ಎದುರಾಳಿಗೆ.

ಒದೆತ ತಂತ್ರವಾಗಿದ್ದು ಆಮೇಲೆ. ಐದು ಟ್ಯಾಕಲ್ ಆದಮೇಲೆ, ಗೋಲ್ ಗೆರೆ ಹತ್ತಿರವಿದ್ದರೆ, ಅದರ ಹಿಂದಿನ ‘ಇನ್-ಗೋಲ್’ ಪಟ್ಟಿಗೆ ಚೆಂಡು ಉರುಳಿಸ್ತಾರೆ. ಅಲ್ಲಿ ತಮ್ಮವನು ಅದನ್ನು ನೆಲಕ್ಕೊತ್ತಿದರೆ ‘ಟ್ರೈ’, ನಾಲ್ಕು ಅಂಕ. ಚೆಂಡು ಹಿಡಿದ ರಕ್ಷಕ ಪಟ್ಟಿಯೊಳಗೇ ಸಿಕ್ಕಿಬಿದ್ದರೆ ಅವನ ತಂಡ ಗೋಲ್ ಗೆರೆಯಿಂದ ಡ್ರಾಪ್-ಔಟ್ ಒದೀಬೇಕು. ಸಾಮಾನ್ಯವಾಗಿ ದಾಳಿಯವರಿಗೆ ಮತ್ತೆ ಆರು ಟ್ಯಾಕಲ್. ಆದರೆ ಒದೆತ ಜೋರಾಗಿ ಚೆಂಡು ಪಟ್ಟಿಯನ್ನೇ ದಾಟಿಹೋದರೆ ರಕ್ಷಕರು 20 ಮೀಟರ್ ಗೆರೆಯಿಂದ ಆಟ ಶುರುಮಾಡ್ತಾರೆ.

ಜಾಣರು ಇದರಲ್ಲೂ ಸಂದು ಹುಡುಕಿದರು. ಎದುರಾಳಿಯ ಫುಲ್‌ಬ್ಯಾಕ್ ಚೆಂಡು ಹಿಡಿದು ನುಗ್ಗಿಬಂದರೆ ಅಪಾಯ. ಬೇಕಂತಲೇ ಪಟ್ಟಿ ದಾಟಿಸಿದರೆ ಉಸಿರು ತಗೊಂಡು ಸಾಲುಗಟ್ಟಿ ನಿಲ್ಲಬಹುದು. 2014ರಲ್ಲಿ ಆಸ್ಟ್ರೇಲಿಯಾದ ಎನ್‌ಆರ್‌ಎಲ್ ಆ ಸಂದಿಗೂ ಬೆಣೆ ಹೊಡೆಯಿತು: ದಾಟಿಸಿದರೆ ಎದುರಾಳಿಗೆ ಏಳು ಟ್ಯಾಕಲ್.

ನಾವೂ ಕೋಡಿಗೆ ಹೀಗೇ ಪ್ಯಾಚ್ ಹಾಕ್ತೀವಿ, ಬಳಸುವವರು ಹೊಸ ಸಂದು ಹುಡುಕ್ತಾರೆ. ಈ ಆಟದಲ್ಲಿ ಮೊದಲ ಪ್ಯಾಚ್ ಹಾಕಿಸಿದ್ದು ಮಾತ್ರ ಒಂದು ದಿನದ ಕೂಲಿ. ಈಗ ಯಾರಾದರೂ ಐದನೇ ಟ್ಯಾಕಲ್ ಆದಮೇಲೆ ಚೆಂಡು ಒದ್ದರೆ ನನಗೆ ಆ ಗಣಿಯವರೇ ನೆನಪಾಗ್ತಾರೆ.